ಐದನೇ ಸಾಲಿನ ಕಾರಣ

ವಿಮಾನ ನಿಲ್ದಾಣದ ಹಿಂಬದಿಯಲ್ಲಿ, ಪ್ರಯಾಣಿಕರ ಕಣ್ಣಿಗೆ ಎಂದೂ ಬೀಳದ ಉದ್ದನೆಯ ಕಟ್ಟಡವೊಂದರ ಮೂರನೇ ಕೋಣೆಯಲ್ಲಿ ಆಕಾಶಕ್ಕೆ ಬೀಗ ಹಾಕುವ ಕೆಲಸ ನಡೆಯುತ್ತಿತ್ತು. ಹಾಕುತ್ತಿದ್ದವಳು ಐವತ್ತೆರಡು ವರ್ಷದ ಒಬ್ಬ ಗುಮಾಸ್ತೆ. ಆಫೀಸಿನಲ್ಲಿ ಎಲ್ಲರೂ ಅವಳನ್ನು ನೋಟೀಸಕ್ಕ ಎನ್ನುತ್ತಿದ್ದರು. ಎಲ್ಲಿ ಹಾರಬಾರದು, ಎಷ್ಟು ಎತ್ತರದವರೆಗೆ ಹಾರಬಾರದು, ಯಾವಾಗಿನಿಂದ, ಯಾವಾಗಿನವರೆಗೆ, ಏಕೆ: ಹೀಗೆ ಐದು ಸಾಲಿನ ನೋಟೀಸು ಟೈಪ್ ಮಾಡಿ ಅವಳು ಗುಂಡಿ ಒತ್ತಿದಳೆಂದರೆ ಊರಿನ ಎಲ್ಲ ಪೈಲಟ್‌ಗಳೂ ತೆಪ್ಪಗೆ ಕೂರಬೇಕು. ಇಷ್ಟು ದೊಡ್ಡ ಅಧಿಕಾರವಿದ್ದ ಹೆಂಗಸಿಗೆ ಕೋಣೆಯ ಕೆಟ್ಟ ಫ್ಯಾನು ರಿಪೇರಿ ಮಾಡಿಸುವ ಅಧಿಕಾರ ಮಾತ್ರ ಇರಲಿಲ್ಲ.

ಹತ್ತು ದಿನದ ಹಿಂದೆ ಕರಾವಳಿಯಾಚೆ ಒಂದು ಎಣ್ಣೆ ಹಡಗು ಬಂಡೆಗೆ ಬಡಿದು ಹೊಟ್ಟೆ ಬಿರಿದುಕೊಂಡಿತ್ತು. ಎಣ್ಣೆ ತೆಗೆಯಲು ಸರ್ಕಾರ ಒಂದು ಶುಚಿ ಕಚೇರಿ ತೆರೆಯಿತು. ಆ ಕಚೇರಿ ಮೊದಲ ದಿನವೇ ಪತ್ರ ಬರೆದು ನಲವತ್ತು ಕಿಲೋಮೀಟರ್ ಕರಾವಳಿಯ ಮೇಲೆ ಯಾರೂ ಹಾರದಂತೆ ನೋಟೀಸು ಹಾಕಿಸಿತು. ವಿಮಾನ, ಹೆಲಿಕಾಪ್ಟರ್, ಡ್ರೋನು, ಬಲೂನು, ಯಾವುದೂ ಕೂಡದು. ಕೆಳಗೂ ಅದೇ ಕಥೆ. ಪತ್ರಿಕೆಯವರನ್ನು ಬಸ್ಸಿನಲ್ಲಿ ಕೂರಿಸಿಕೊಂಡು, ಆಗಲೇ ತೊಳೆದಿಟ್ಟ ದಡಕ್ಕೆ ಕರೆದೊಯ್ದು, ಹಗ್ಗದ ಈಚೆ ನಿಲ್ಲಿಸಿ, ಹೊಳೆಯುವ ಮರಳು ತೋರಿಸಿ ವಾಪಸು ತಂದು ಬಿಡುತ್ತಿದ್ದರು.

ನಿರ್ಬಂಧದ ಆಯಸ್ಸು ಒಂದು ದಿನ, ಮಧ್ಯಾಹ್ನ ಹನ್ನೆರಡರಿಂದ ಮಾರನೆಯ ಹನ್ನೆರಡಕ್ಕೆ. ಹಾಗಾಗಿ ದಿನಾ ಹೊಸದು ಹಾಕಬೇಕು. ದಿನಾ ಬೆಳಗ್ಗೆ ಹತ್ತಕ್ಕೆ ಶುಚಿ ಕಚೇರಿಯಿಂದ ಒಂದು ಕಾಗದ ಬರುತ್ತಿತ್ತು. ಅದರಲ್ಲಿ ಒಂದೇ ಪದ: 'ನಿನ್ನೆಯಂತೆ.' ನೋಟೀಸಕ್ಕ ನಿನ್ನೆಯ ನೋಟೀಸನ್ನು ತೆರೆದು, ಎರಡು ತಾರೀಖು ಬದಲಿಸಿ, ಗುಂಡಿ ಒತ್ತಿ, ಟೀ ಕುಡಿಯಲು ಏಳುತ್ತಿದ್ದಳು. ಅವಳಿಗೆ ಕೆಲಸ ಕಲಿಸಿದವರೂ ಹೀಗೇ ಮಾಡುತ್ತಿದ್ದರು, ಅವರಿಗೆ ಕಲಿಸಿದವರೂ ಹೀಗೇ.

ದಿನಾ ಬೆಳಗ್ಗೆ ಏಳಕ್ಕೊಮ್ಮೆ, ಮಧ್ಯಾಹ್ನ ಹನ್ನೆರಡಕ್ಕೊಮ್ಮೆ ಅವಳ ಮೇಜಿನ ಫೋನು ಹೊಡೆದುಕೊಳ್ಳುತ್ತಿತ್ತು. ಮೊದಲು ಎರಡು ಸಲ ಕೆಮ್ಮು, ಆಮೇಲೆ ಮಾತು.

"ಮೇಡಂ, ಆಕಾಶ ತೆರೆದಿದೆಯಾ?"

"ಇಲ್ಲ."

"ಸರಿ ಮೇಡಂ, ಆಮೇಲೆ ಕೇಳ್ತೀನಿ."

ಅವನು ಒಂದು ಪತ್ರಿಕೆಯ ಫೋಟೋಗ್ರಾಫರ್. ಹಾರಾಟದ ಕ್ಲಬ್ಬಿನಲ್ಲಿ ಎರಡು ಸೀಟಿನ ವಿಮಾನ ಸಿದ್ಧವಾಗಿಟ್ಟುಕೊಂಡು ಒಂಬತ್ತು ದಿನದಿಂದ ಅದರ ನೆರಳಲ್ಲೇ ಕೂತಿದ್ದ. ಬೈಯುವುದಿಲ್ಲ, ಅಂಗಲಾಚುವುದಿಲ್ಲ. ಎಷ್ಟು ಸಲ ಇಲ್ಲ ಎಂದರೂ ಮರುದಿನ ನಗುನಗುತ್ತಲೇ ಕೇಳುವ ಈ ಮನುಷ್ಯನಿಗೆ ಏನು ಹೇಳುವುದು? ನೋಟೀಸಕ್ಕ ಮನಸ್ಸಿನಲ್ಲೇ ಅವನಿಗೆ ಕೆಮ್ಮಪ್ಪ ಎಂದು ಹೆಸರಿಟ್ಟಿದ್ದಳು.

ಇಷ್ಟರಲ್ಲಿ ಅವಳಿಗೇನೂ ನೋವಿರಲಿಲ್ಲ, ಅಕ್ಕನ ವಿಷಯವೊಂದು ಇಲ್ಲದಿದ್ದರೆ.

ಅಕ್ಕ ಅವಳಿಗಿಂತ ಒಂಬತ್ತು ವರ್ಷ ದೊಡ್ಡವಳು. ನಲವತ್ತು ಕಿಲೋಮೀಟರಿನ ಆ ಕರಾವಳಿಯಲ್ಲೇ, ನದಿ ಕಡಲಿಗೆ ಸೇರುವ ಒಂದು ಅಳಿವೆಯಲ್ಲಿ ಅವಳ ಚಿಪ್ಪುಮೀನಿನ ತೋಟ. ತೋಟ ಎಂದರೆ ನೀರಿನ ಮೇಲೆ ತೇಲುವ ತೆಪ್ಪಗಳು, ಅವುಗಳಿಂದ ನೀರೊಳಗೆ ಇಳಿಬಿಟ್ಟ ಹಗ್ಗಗಳು, ಒಂದೊಂದು ಹಗ್ಗದ ಉದ್ದಕ್ಕೂ ಗೊಂಚಲು ಗೊಂಚಲಾಗಿ ಅಂಟಿಕೊಂಡು ಬೆಳೆಯುವ ಚಿಪ್ಪುಗಳು. ಒಟ್ಟು ಇಪ್ಪತ್ತೆರಡು ಸಾಲು. ಒಂದು ಸಾಲು ಬೆಳೆಯಲು ಹದಿನಾಲ್ಕು ತಿಂಗಳು ಬೇಕು. ಭಾವನಿಗೆ ಸೊಂಟ ಹಿಡಿದ ಮೇಲೆ ದೋಣಿ, ಹಗ್ಗ, ಬೈಗುಳ ಎಲ್ಲವನ್ನೂ ಅಕ್ಕ ಒಬ್ಬಳೇ ನಿಭಾಯಿಸುತ್ತಿದ್ದಳು.

ಆರನೇ ದಿನದಿಂದ ಅಕ್ಕನಿಗೆ ವಾಸನೆ ಬರತೊಡಗಿತ್ತು. ಅಳಿವೆಯ ಬಾಯಲ್ಲಿ ಒಂದು ಮರಳಿನ ದಿಬ್ಬವಿದೆ. ಅದರಾಚೆ ಎಣ್ಣೆ ಬಂದು ನಿಂತಿದೆ, ಪ್ರತಿ ಉಬ್ಬರಕ್ಕೂ ಒಂದು ಹೆಜ್ಜೆ ಮುಂದೆ ಬರುತ್ತಿದೆ ಎಂದು ಅವಳು ಶುಚಿ ಕಚೇರಿಗೆ ಫೋನು ಮಾಡಿದಳು. ಅಳಿವೆಯ ಬಾಯಿಗೆ ತೇಲುಬೇಲಿ ಕಟ್ಟಿಕೊಡಿ ಎಂದಳು. ನೀರಿನ ಮೇಲೆ ತೇಲಿ ಎಣ್ಣೆಯನ್ನು ತಡೆಯುವ ರಬ್ಬರಿನ ಬೇಲಿ ಅದು. ಅವರು ನಕ್ಷೆ ನೋಡಿ, ನಿಮ್ಮ ಅಳಿವೆ ಹಸಿರು ಬಣ್ಣದಲ್ಲಿದೆಯಮ್ಮ, ಹಸಿರು ಅಂದರೆ ಶುದ್ಧ ಎಂದರು. ದೋಣಿಯಿಂದ ಫೋಟೋ ತೆಗೆದು ಕಳಿಸಿದಳು. ಇದು ಮೋಡದ ನೆರಳು, ಮೇಲಿನಿಂದ ತೆಗೆದ ಫೋಟೋ ಇದ್ದರೆ ಕೊಡಿ ಎಂದರು. ನೀರಿನ ಮಟ್ಟದಲ್ಲಿ ನಿಂತು ನೋಡಿದರೆ ಎಣ್ಣೆಯೂ ನೆರಳೂ ಒಂದೇ ತರಹ ಕಾಣುತ್ತವೆ, ಅದು ನಿಜ. ಮೇಲಿನಿಂದ ನೋಡಿದರೆ ಗೊತ್ತಾಗುತ್ತದೆ. ಆದರೆ ಮೇಲೆ ಹೋಗುವವರು ಯಾರು?

ಒಂಬತ್ತನೇ ದಿನ ಸಂಜೆ ಅಕ್ಕ ಫೋನು ಮಾಡಿದಳು.

"ಪುಟ್ಟೀ, ಇವತ್ತು ದಿಬ್ಬದ ತುದೀಲಿ ಒಂದು ಹಕ್ಕಿ ಸಿಕ್ತು ಕಣೆ. ರೆಕ್ಕೆ ಎಲ್ಲ ಅಂಟಂಟು. ತೊಳೆದೆ, ಎಷ್ಟು ತೊಳೆದ್ರೂ ಹೋಗ್ಲಿಲ್ಲ. ಇನ್ನು ನಾಕು ದಿನಕ್ಕೆ ದೊಡ್ಡ ಉಬ್ಬರ. ಅದು ಬಂತೂಂದ್ರೆ ನನ್ನ ಇಪ್ಪತ್ತೆರಡು ಸಾಲೂ ಹೋದ ಹಾಗೇ."

"ಆ ಕಚೇರಿಯವ್ರು ಏನಂತಾರೆ?"

"ಏನಂತಾರೆ, ನೆರಳಂತೆ! ನೆರಳು ನಾರುತ್ತೇನೆ? ಪೇಪರಿನವನೊಬ್ಬ ಮೇಲಿಂದ ಫೋಟೋ ತೆಗೆದುಕೊಡ್ತೀನಿ ಅಂತ ದಿನಾ ಕಾಯ್ತಿದಾನಂತೆ, ಬಿಡ್ತಾ ಇಲ್ವಂತೆ. ಯಾವ ಹಾಳಾದವನೇ ಅದು ಆಕಾಶ ಮುಚ್ಚಿ ಕೂತಿರೋನು? ಅವನ ಕೈ ಬಿದ್ದೋಗ್ಲಿ!"

ಆಫೀಸಿನಲ್ಲಿ ಏನು ಕೆಲಸ ಎಂದು ಅಕ್ಕ ಕೇಳಿದಾಗಲೆಲ್ಲ ನೋಟೀಸಕ್ಕ 'ಟೈಪಿಂಗ್' ಎಂದಷ್ಟೇ ಹೇಳಿಕೊಂಡು ಬಂದಿದ್ದಳು. ಅವತ್ತೂ ನಿಜ ಹೇಳಲಿಲ್ಲ. ಫೋನಿಟ್ಟ ಮೇಲೆ ತನ್ನ ಬಲಗೈಯನ್ನೇ ನೋಡುತ್ತಾ ಕೂತಳು. ನಾಚಿಕೆಯಾಯಿತು, ಅಳು ಬಂತು. ಅತ್ತಳು ಕೂಡ.

ಹತ್ತನೇ ದಿನ ಬೆಳಗ್ಗೆ ಏಳಕ್ಕೆ ಕೆಮ್ಮಪ್ಪ ಕೇಳಿದ, ಅವಳು ಇಲ್ಲ ಎಂದಳು. ಹತ್ತಕ್ಕೆ ಕಾಗದ ಬಂತು: 'ನಿನ್ನೆಯಂತೆ.' ನಿನ್ನೆಯದನ್ನು ತೆರೆದಳು. ತಾರೀಖಿನ ಮೇಲೆ ಬೆರಳಿಟ್ಟವಳು, ಯಾಕೋ, ಹತ್ತು ದಿನದಲ್ಲಿ ಮೊದಲ ಸಲ ಐದನೇ ಸಾಲನ್ನು ಓದಿದಳು.

'ಕಾರಣ: ಎಣ್ಣೆ ಕರಗಿಸುವ ದ್ರಾವಣ ಸಿಂಪಡಿಸುವ ವಿಮಾನಗಳು ತೀರಾ ಕೆಳಗೆ ಹಾರಾಡುತ್ತಿರುವುದರಿಂದ, ಸುರಕ್ಷತೆಗಾಗಿ.'

ಓದಿ ತಲೆ ಎತ್ತಿದಳು. ಅವಳ ಕಿಟಕಿಯೆದುರಿಗೇ ವಿಮಾನದ ಶೆಡ್ಡು. ಶೆಡ್ಡಿನಲ್ಲಿ ಆ ಎರಡು ಹಳದಿ ಸಿಂಪಡಣೆ ವಿಮಾನಗಳು ರೆಕ್ಕೆಗೆ ಟಾರ್ಪಾಲು ಹೊದ್ದು ನಿಂತಿದ್ದವು. ಎರಡನೆಯದರ ಇಂಜಿನ್ನಿನ ಬಾಯಿಗೆ ಒಂದು ಗುಬ್ಬಚ್ಚಿ ಹುಲ್ಲುಕಡ್ಡಿ ಕಚ್ಚಿಕೊಂಡು ಒಳಹೋಯಿತು. ಹಿಂದೆಯೇ ಇನ್ನೊಂದು. ನಾಲ್ಕು ದಿನದಿಂದ ಅವಳು ಬುತ್ತಿ ಬಿಚ್ಚಿಕೊಂಡು ಇದೇ ಗುಬ್ಬಚ್ಚಿಗಳ ಸಂಸಾರವನ್ನು ನೋಡುತ್ತಿದ್ದಳು. ಎಷ್ಟು ಚೆನ್ನಾಗಿ ಗೂಡು ಕಟ್ಟುತ್ತಿವೆ ಎಂದು ಮೆಚ್ಚಿಯೂ ಇದ್ದಳು. ಗೂಡು ಕಟ್ಟುವಷ್ಟು ದಿನದಿಂದ ಆ ವಿಮಾನ ಅಲುಗಾಡಿಲ್ಲ ಎಂಬುದು ಮಾತ್ರ ಆ ಜಾಣೆಯ ತಲೆಗೆ ಹೊಳೆದಿರಲಿಲ್ಲ. ಊಟದ ಹೊತ್ತಿನಲ್ಲಿ ಕಂಡದ್ದು ಬೇರೆ, ಕೆಲಸದ ಹೊತ್ತಿನಲ್ಲಿ ಟೈಪ್ ಮಾಡಿದ್ದು ಬೇರೆ, ಎರಡಕ್ಕೂ ಅವಳ ತಲೆಯಲ್ಲಿ ಮಾತುಕತೆಯೇ ಇರಲಿಲ್ಲ.

ಶುಚಿ ಕಚೇರಿಗೆ ಫೋನು ಹಚ್ಚಿದಳು. ಆಚೆಯಿಂದ ಜೇನು ಸವರಿದಂಥ ಒಂದು ದನಿ ಬಂತು.

"ಸಾರ್, ನಾಳೆವರೆಗೆ ನಿಮ್ಮ ಹಳದಿ ವಿಮಾನ ಹಾರ್ತವಾ?"

"ಎಲ್ಲಿ ಹಾರ್ತವೆ ಮೇಡಂ? ದ್ರಾವಣ ಖಾಲಿಯಾಗಿ ಐದು ದಿನ ಆಯ್ತು. ಬರೋದು ಮುಂದಿನ ವಾರ."

"ಹಾಗಾದ್ರೆ ಕಾರಣ ಅಂತ ಏನು ಬರೀಲಿ?"

"ನಿನ್ನೆ ಏನು ಬರೆದಿದ್ರೋ ಅದೇ."

"ನಿನ್ನೆಯದು ಸುಳ್ಳಲ್ವಾ ಸಾರ್?"

ದನಿಯ ಜೇನು ಸ್ವಲ್ಪ ಇಳಿಯಿತು. "ನೋಡಿ, ಕ್ಯಾಮೆರಾದವರು ತಲೆ ಮೇಲೆ ಹಾರಾಡಿದ್ರೆ ಸುಮ್ಮನೆ ರಗಳೆ. ಏನೋ ಒಂದು ಫೋಟೋ ಹಾಕ್ತಾರೆ, ಜನ ಹೆದರ್ತಾರೆ. ನಿಮಗ್ಯಾಕೆ ಇಲ್ಲದ ಉಸಾಬರಿ?"

"ಅದನ್ನೇ ಬರೆದು ಸಹಿ ಹಾಕಿ ಕಳಿಸಿ ಸಾರ್. ಕಾರಣ, ಜನ ಹೆದರ್ತಾರೆ. ಹಾಗೇ ಹಾಕ್ತೀನಿ."

"ನಿಮ್ಮ ಸಾಹೇಬ್ರ ಹತ್ರಾನೇ ಮಾತಾಡ್ತೀನಿ ಬಿಡಿ," ಎಂದು ಆತ ಫೋನು ಕುಕ್ಕಿದ.

ಅವಳ ಸಾಹೇಬರಿಗೆ ನಿವೃತ್ತಿಗೆ ಇನ್ನು ಐದು ತಿಂಗಳಿತ್ತು. ಆಫೀಸಿನವರು ಬೆನ್ನ ಹಿಂದೆ ಅವರನ್ನು ಎಕ್ಸ್‌ಪ್ರೆಸ್ ಎನ್ನುತ್ತಿದ್ದರು. ಸಂಜೆ ಐದು ಹೊಡೆಯುತ್ತಲೇ ಹೊರಟುಬಿಡುತ್ತಾರಲ್ಲ, ಅದಕ್ಕೇ ಆ ಹೆಸರು ಎಂದು ಹೊಸಬರು ತಿಳಿದಿದ್ದರು. ಹಳಬಳಾದ ನೋಟೀಸಕ್ಕನಿಗೆ ನಿಜ ಗೊತ್ತಿತ್ತು. ಟೆಲಿಪ್ರಿಂಟರ್ ಕಾಲದಲ್ಲಿ ಇಡೀ ಇಲಾಖೆಯಲ್ಲೇ ಅವರಷ್ಟು ವೇಗವಾಗಿ ಟೈಪ್ ಮಾಡುವವರು ಇರಲಿಲ್ಲ. ಸ್ಪರ್ಧೆಯಲ್ಲಿ ಗೆದ್ದ ಬೆಳ್ಳಿಬಣ್ಣದ ಕಪ್ಪು ಈಗ ಅವರ ಮೇಜಿನ ಮೇಲೆ ಪೆನ್ನು, ಕತ್ತರಿ ಇಟ್ಟುಕೊಳ್ಳಲು ಬಳಕೆಯಾಗುತ್ತಿತ್ತು. ಸಾಹೇಬರು ಯಾರ ತಂಟೆಗೂ ಹೋದವರಲ್ಲ. ಮುಂದಿಟ್ಟ ಕಾಗದಕ್ಕೆ ಸಹಿ ಹಾಕುವುದು, ಸಹಿ ಒಣಗುವವರೆಗೆ ಊದುವುದು, ಇಷ್ಟರಲ್ಲೇ ಮೂವತ್ತಾರು ವರ್ಷ ಕಳೆದಿದ್ದರು.

ಅವಳು ಹೋಗಿ ಅವರೆದುರು ನಿಂತಳು.

"ಸಾರ್, ಇವತ್ತಿನ ನೋಟೀಸು ನಾನು ಹಾಕಲ್ಲ. ಕಾರಣ ಸುಳ್ಳು. ಆ ವಿಮಾನದಲ್ಲಿ ಗುಬ್ಬಚ್ಚಿ ಗೂಡು ಕಟ್ಟಿದೆ."

"ಗುಬ್ಬಚ್ಚಿನಾ?"

"ಹೂಂ ಸಾರ್. ಇನ್ನೊಂದು ವಿಷಯಾನೂ ಹೇಳಿಬಿಡ್ತೀನಿ, ಮುಚ್ಚಿಡಲ್ಲ. ನಮ್ಮಕ್ಕನ ತೋಟ ಆ ಅಳಿವೇಲಿದೆ. ಎಣ್ಣೆ ಬಾಗಿಲಿಗೆ ಬಂದಿದೆ. ಮೇಲಿಂದ ಯಾರಾದ್ರೂ ನೋಡಿದ್ರೆ ಮಾತ್ರ ಅವಳಿಗೆ ಬೇಲಿ ಸಿಗುತ್ತೆ."

ಸಾಹೇಬರು ಕನ್ನಡಕ ತೆಗೆದರು. "ಹಾಗಾದ್ರೆ ನೀವು ನಿಯಮ ಅಂತ ಬಂದ್ರಾ, ಅಕ್ಕ ಅಂತ ಬಂದ್ರಾ?"

"ಎರಡೂ ಸಾರ್. ಅಕ್ಕ ಇಲ್ಲದೇ ಹೋಗಿದ್ರೆ ನಾನು ಐದನೇ ಸಾಲು ಓದ್ತಾನೇ ಇರ್ಲಿಲ್ಲ. ಒಂಬತ್ತು ದಿನ ಓದ್ದೇ ಹಾಕಿದೀನಲ್ಲ, ಅದೂ ನನ್ನ ತಪ್ಪೇ. ಅದಕ್ಕೇ ನಾನು ಇವತ್ತು ಹಾಕೋದೂ ಇಲ್ಲ, ತೆಗೆಯೋದೂ ಇಲ್ಲ. ನೀವೇ ಏನಾದ್ರೂ ಮಾಡಿ."

ಸಾಹೇಬರು ಎದ್ದು ಕಿಟಕಿಯ ಹತ್ತಿರ ಹೋದರು. ಕೈ ಹಿಂದೆ ಕಟ್ಟಿಕೊಂಡು ಶೆಡ್ಡನ್ನೇ ನೋಡುತ್ತಾ ನಿಂತರು. ಅಷ್ಟರಲ್ಲಿ ಅವರಿಗೆ ಫೋನು ಬಂತು. ಜೇನುದನಿ ಅಷ್ಟು ದೂರಕ್ಕೂ ಕೇಳಿಸುತ್ತಿತ್ತು.

"ಹೌದು ಸಾರ್," ಎಂದರು ಸಾಹೇಬರು. "ಇಲ್ಲ ಸಾರ್, ಅವರು ಹಾಕಲ್ವಂತೆ. ನಾನೇ ಇದೀನಲ್ಲ ಸಾರ್, ಖುದ್ದಾಗಿ ಕೂತು ಟೈಪ್ ಮಾಡ್ತೀನಿ. ಈಗಲೇ ಸಾರ್."

ಮುಗೀತು ಎಂದುಕೊಂಡಳು ನೋಟೀಸಕ್ಕ. ಕಣ್ಣ ಮುಂದೆ ಅಕ್ಕನ ಇಪ್ಪತ್ತೆರಡು ಸಾಲು, ಅಂಟಂಟು ರೆಕ್ಕೆಯ ಹಕ್ಕಿ. ಸಾಹೇಬರ ಮೇಲೆ ಅವಳಿಗೆ ಕೆಟ್ಟ ಸಿಟ್ಟು ಬಂತು.

ಹನ್ನೊಂದೂ ಕಾಲಿಗೆ ಸಾಹೇಬರು ಬಂದು ಅವಳ ಕುರ್ಚಿಯಲ್ಲಿ ಕೂತರು. ಕುರ್ಚಿ ಎತ್ತರವಾಯಿತೆಂದು ಇಳಿಸಿದರು, ತಗ್ಗಾಯಿತೆಂದು ಏರಿಸಿದರು. ಕನ್ನಡಕ ಒರೆಸಿದರು. ಅವಳು ನಿನ್ನೆಯ ನೋಟೀಸನ್ನು ತೆರೆದು ತೋರಿಸಿದಳು.

"ಅದು ಬೇಡ. ನಕಲು ಹೊಡೆಯೋದ್ರಿಂದಲೇ ಅಲ್ವಾ ಇಷ್ಟೆಲ್ಲ ಆಗಿದ್ದು? ಮೊದಲಿನಿಂದ ಹೊಸದಾಗಿ ಹೊಡೀತೀನಿ," ಎಂದರು. ಬಲಗೈಯ ತೋರುಬೆರಳೊಂದನ್ನೇ ಮುಂದೆ ಚಾಚಿ, ಕೀಲಿಮಣೆಯ ಮೇಲೆ ಕಳೆದುಹೋದ ಸೂಜಿ ಹುಡುಕುವವರಂತೆ ಅತ್ತಿತ್ತ ಆಡಿಸಿದರು. "ಈ 'ಕ' ಎಲ್ಲಿಟ್ಟಿದಾರಪ್ಪಾ ಇದರಲ್ಲಿ?"

ನೋಟೀಸಕ್ಕ ತೋರಿಸಿದಳು. ಅವರು ಟಕ್ ಎಂದು ಒಂದು ಅಕ್ಷರ ಒತ್ತಿ, ಅದನ್ನು ದಿಟ್ಟಿಸಿ ನೋಡಿ, ಅಳಿಸಿದರು. ಮತ್ತೆ ಒತ್ತಿದರು. ಮೊದಲ ಸಾಲು ಮುಗಿಯಲು ಹದಿನೆಂಟು ನಿಮಿಷ ಹಿಡಿಯಿತು. ವಯಸ್ಸಾಯಿತು ಪಾಪ ಎಂದುಕೊಳ್ಳುತ್ತಾ ಅವಳು ಪಕ್ಕಕ್ಕೆ ತಿರುಗಿದಳು. ತೆರೆದ ಬಾಗಿಲಿನಾಚೆ ಸಾಹೇಬರ ಮೇಜು, ಮೇಜಿನ ಮೇಲೆ ಆ ಕಪ್ಪು. ಅವಳು ಕಪ್ಪನ್ನು ನೋಡಿದಳು, ಒಂಟಿ ಬೆರಳನ್ನು ನೋಡಿದಳು, ಮತ್ತೆ ಕಪ್ಪನ್ನು ನೋಡಿದಳು. ಗೋಡೆಗೊರಗಿ ನಿಂತಳು. ನಗು ಬರುತ್ತಿತ್ತು, ನಗುವ ಧೈರ್ಯವಿರಲಿಲ್ಲ.

ಸಾಹೇಬರು ಎರಡನೇ ಸಾಲಿಗೆ ಹೋದರು. ನಡುವೆ ಎದ್ದು ಮುಖ ತೊಳೆದುಕೊಂಡು ಬಂದರು. ಗೋಡೆಯ ಗಡಿಯಾರ ಹನ್ನೆರಡು ತೋರಿಸಿದಾಗ ಪರದೆಯ ಮೇಲೆ ನಿನ್ನೆಯ ನಿರ್ಬಂಧ ಸದ್ದಿಲ್ಲದೆ ಮಾಯವಾಯಿತು. ಸಾಹೇಬರಿನ್ನೂ ಮೂರನೇ ಸಾಲಿನಲ್ಲಿದ್ದರು.

ಹನ್ನೆರಡು ಗಂಟೆಗೆ ಸರಿಯಾಗಿ ಬರಬೇಕಾದ ಫೋನು ಬರಲಿಲ್ಲ. ಒಂದು ನಿಮಿಷ ಕಳೆಯಿತು, ಮೂರಾಯಿತು. ಇವತ್ತೇ ಅವನಿಗೆ ಬೇಸರ ಬಂದುಬಿಟ್ಟಿತೇ? ನೋಟೀಸಕ್ಕನ ಕೈ ತಾನಾಗಿ ಫೋನಿನತ್ತ ಹೋಯಿತು.

"ನಾವು ಯಾರನ್ನೂ ಕರೆದು ಹೇಳಲ್ಲ," ಎಂದರು ಸಾಹೇಬರು, ಕೀಲಿಮಣೆಯಿಂದ ಕಣ್ಣೆತ್ತದೆ. "ಕೇಳಿದವರಿಗೆ ಇದ್ದದ್ದು ಇದ್ದ ಹಾಗೆ ಹೇಳ್ತೀವಿ. ಅಷ್ಟೇ ನಮ್ಮ ಕೆಲಸ."

ಕೈ ಹಿಂದಕ್ಕೆ ಬಂತು. ಆರನೇ ನಿಮಿಷಕ್ಕೆ ಫೋನು ಹೊಡೆದುಕೊಂಡಿತು. ಎರಡು ಕೆಮ್ಮು.

"ಊಟಕ್ಕೆ ಕೂತಿದ್ದೆ ಮೇಡಂ, ತಡ ಆಯ್ತು. ಆಕಾಶ...?"

"ಈ ಕ್ಷಣಕ್ಕೆ ಕರಾವಳಿ ಮೇಲೆ ಯಾವ ನಿರ್ಬಂಧವೂ ಇಲ್ಲ."

ಆತ ಕೆಮ್ಮುವುದನ್ನೇ ಮರೆತ.

"ಇನ್ನೊಂದ್ಸಲ ಹೇಳಿ ಮೇಡಂ."

ಹೇಳಿದಳು. ಫೋನಿಡುವುದನ್ನೂ ಮರೆತು ಆತ ಓಡಿದ ಸದ್ದು ಕೇಳಿತು, ಹಿಂದೆಯೇ ತಟ್ಟೆ ಬಿದ್ದ ಸದ್ದು. ಕಾಲು ಗಂಟೆಗೆ ಪುಟ್ಟ ವಿಮಾನವೊಂದು ಕಟ್ಟಡದ ಮೇಲೆ ಹಾದು ಕಡಲ ಕಡೆ ಹೋಯಿತು.

"ಏನದು ಸದ್ದು?" ಎಂದರು ಸಾಹೇಬರು.

"ಚಿಕ್ಕ ವಿಮಾನ ಸಾರ್."

"ಹಾಂ," ಎಂದು ಅವರು ನಾಲ್ಕನೇ ಸಾಲು ಶುರುಮಾಡಿದರು.

ಜೇನುದನಿ ಮೂರು ಸಲ ಫೋನು ಮಾಡಿತು. ಪ್ರತಿ ಸಲವೂ ಸಾಹೇಬರು, ಬಂತು ಸಾರ್, ಆಯ್ತು ಸಾರ್, ಬೆರಳು ಮೊದಲಿನ ಹಾಗೆ ಓಡಲ್ಲ ಸಾರ್ ಎಂದರು. ಎರಡು ಗಂಟೆಗೆ ಪುಟ್ಟ ವಿಮಾನ ವಾಪಸು ಬಂದಿಳಿದ ಸದ್ದಾಯಿತು. ಆಗ ಸಾಹೇಬರೇ ಫೋನು ಎತ್ತಿಕೊಂಡು ಶುಚಿ ಕಚೇರಿಗೆ ಹಚ್ಚಿದರು.

"ಸಾರ್, ಐದನೇ ಸಾಲಿಗೆ ಬಂದಿದೀನಿ. ಕಾರಣ ಹೇಳಿ, ನೀವು ಹೇಳಿದ ಹಾಗೇ ಹೊಡೀತೀನಿ, ಕೆಳಗೆ ನಿಮ್ಮ ಹೆಸರೂ ಹಾಕ್ತೀನಿ... ಇಲ್ಲ ಸಾರ್, ಹಳದಿ ವಿಮಾನದಲ್ಲಿ ಗುಬ್ಬಚ್ಚಿ ಇದೆ... ಹಡಗಿನ ಹತ್ರ ಹೆಲಿಕಾಪ್ಟರಲ್ಲಿ ಸಾಮಾನು ಇಳಿಸ್ತಿದೀರಾ? ಹಾಗೆ ಹೇಳಿ ಮತ್ತೆ. ಅದು ನಿಜವಾದ ಕಾರಣ. ಹಡಗಿನ ಸುತ್ತ ಮೂರು ಕಿಲೋಮೀಟರ್ ಸಾಕಲ್ವಾ? ಸಾಕು ಅಂತಲೇ ಹಾಕ್ತೀನಿ."

ಫೋನಿಟ್ಟರು. ಮೂರು ಗಂಟೆ ಕಷ್ಟಪಟ್ಟು ಹೊಡೆದ ನಾಲ್ಕೂ ಸಾಲನ್ನು ಅಳಿಸಿಹಾಕಿದರು. ಆಮೇಲೆ ತೋಳು ಮಡಚಿ ಎರಡೂ ಕೈಯ ಹತ್ತೂ ಬೆರಳನ್ನು ಕೀಲಿಮಣೆಯ ಮೇಲಿಟ್ಟರು. ತಗಡಿನ ಮೇಲೆ ಮಳೆ ಬಿದ್ದಂಥ ಸದ್ದು. ಪಕ್ಕದ ಕೋಣೆಯಿಂದ ಇಬ್ಬರು ಓಡಿಬಂದು ಬಾಗಿಲಲ್ಲಿ ಬಾಯಿ ಬಿಟ್ಟುಕೊಂಡು ನಿಂತರು. ಒಂದು ನಿಮಿಷ ಕೂಡ ಹಿಡಿಯಲಿಲ್ಲ, ಹಡಗಿನ ಸುತ್ತ ಮೂರು ಕಿಲೋಮೀಟರಿನ ಹೊಸ ನೋಟೀಸು ಹೊರಟುಹೋಯಿತು. ಸಾಹೇಬರು ಗಡಿಯಾರ ನೋಡಿ, "ಊಟ ಮಾಡಿ ಹೋಗಿ, ಹೊತ್ತಾಯ್ತು," ಎಂದು ನೋಟೀಸಕ್ಕನಿಗೆ ಹೇಳಿ ತಮ್ಮ ಕೋಣೆಗೆ ನಡೆದರು.

ಮಾರನೆಯ ಬೆಳಗ್ಗೆ ಫೋಟೋ ಪತ್ರಿಕೆಯ ಮೊದಲ ಪುಟದಲ್ಲಿ ಬಂತು. ಬೂದು ನೀರು, ಮರಳಿನ ದಿಬ್ಬ, ದಿಬ್ಬದಾಚೆ ಕಂದು ಬಣ್ಣದ ಅಗಲವಾದ ಪಟ್ಟಿ. ಅದರ ಒಂದು ಮೂಲೆ ಆಗಲೇ ದಿಬ್ಬ ಬಳಸಿಕೊಂಡು ಒಳಗೆ ಇಣುಕಿತ್ತು. ಈಚೆ ಕಡೆ ಬಾಚಣಿಗೆಯ ಹಲ್ಲಿನಂತೆ ಇಪ್ಪತ್ತೆರಡು ಸಾಲು. ನಡುವೆ ಒಂದು ಪುಟ್ಟ ದೋಣಿ, ದೋಣಿಯಲ್ಲಿ ಕೈ ಎತ್ತಿ ನಿಂತ ಒಬ್ಬ ಹೆಂಗಸು. ಇದನ್ನು ನೆರಳು ಎನ್ನಲು ಯಾರಿಗೂ ಬಾಯಿ ಬರಲಿಲ್ಲ. ಮಧ್ಯಾಹ್ನದೊಳಗೆ ನಕ್ಷೆಯಲ್ಲಿ ಅಳಿವೆ ಕೆಂಪಾಯಿತು, ಸಂಜೆಗೆ ಎರಡು ದೋಣಿ ತುಂಬ ತೇಲುಬೇಲಿ ಬಂತು. ದೊಡ್ಡ ಉಬ್ಬರಕ್ಕೆ ಇನ್ನೂ ಎರಡು ದಿನವಿತ್ತು.

ಸಾಹೇಬರಿಗೆ ಮೇಲಿನಿಂದ ಒಂದು ಪತ್ರವೂ ಬಂತು, ನೋಟೀಸು ಎರಡು ಗಂಟೆ ತಡವಾದದ್ದೇಕೆ ಎಂದು. ಅವರು ಉತ್ತರ ಬರೆದರು: 'ವಯಸ್ಸಿನ ಕಾರಣ.' ಸಹಿ ಹಾಕಿ, ಒಣಗುವವರೆಗೆ ಊದಿದರು.

ಭಾನುವಾರ ನೋಟೀಸಕ್ಕ ಅಳಿವೆಗೆ ಹೋದಳು. ಅಕ್ಕ ಅವಳನ್ನು ದೋಣಿಗೆ ಹತ್ತಿಸಿಕೊಂಡು ತೆಪ್ಪಗಳ ಕಡೆ ಹುಟ್ಟು ಹಾಕಿದಳು. ಅಳಿವೆಯ ಬಾಯಿಗೆ ಅಡ್ಡಲಾಗಿ ಕಿತ್ತಳೆ ಬಣ್ಣದ ಬೇಲಿ ತೇಲುತ್ತಿತ್ತು. ಬೇಲಿ ಬರುವ ಮೊದಲೇ ಎಣ್ಣೆ ತಾಗಿದ ಹೊರಗಿನ ಮೂರು ಸಾಲನ್ನು ಅಕ್ಕ ಕಡಿದು ತೆಗೆದಿದ್ದಳು. ಆ ಖಾಲಿ ತೆಪ್ಪಗಳನ್ನು ತಂಗಿ ಒಂದೊಂದಾಗಿ ಎಣಿಸಿದಳು.

"ಹತ್ತೊಂಬತ್ತು ಉಳೀತಲ್ಲ ಬಿಡೆ," ಎಂದಳು ಅಕ್ಕ. "ಯಾರೋ ಪುಣ್ಯಾತ್ಮರು ಎರಡು ಗಂಟೆ ಆಕಾಶ ತೆಗೆದಿಟ್ಟರಂತೆ. ಅವರ ಹೊಟ್ಟೆ ತಣ್ಣಗಿರ್ಲಿ."

ಇನ್ನು ತಡೆಯಲಾಗಲಿಲ್ಲ. "ಅಕ್ಕಾ, ಆಕಾಶ ಮುಚ್ಚಿದವನು ಯಾವನೂ ಅಲ್ಲ. ನಾನೇ. ಒಂಬತ್ತು ದಿನ ನಾನೇ ಟೈಪ್ ಮಾಡಿ ಹಾಕಿದ್ದು. ಆ ಮೂರು ಸಾಲು ಹೋಗಿದ್ದು ನನ್ನಿಂದ."

ಅಕ್ಕ ಹುಟ್ಟು ಹಾಕುವುದನ್ನು ನಿಲ್ಲಿಸಲಿಲ್ಲ. "ಗೊತ್ತು."

"ಗೊತ್ತಾ?"

"ಮೊದಲನೇ ದಿನವೇ ಗೊತ್ತಿತ್ತು. ಟೈಪಿಂಗ್ ಅಂತೆ, ಟೈಪಿಂಗ್! ನಿನ್ನ ಆಫೀಸಲ್ಲಿ ಇನ್ಯಾರಿದಾರೆ ನೋಟೀಸು ಹಾಕೋರು? ನಿನ್ನ ಕೆಲಸಕ್ಕೆ ಕಲ್ಲು ಹಾಕು ಅಂತ ಕೇಳೋಕೆ ನನಗೆ ಬಾಯಿ ಬರ್ಲಿಲ್ಲ. ಕೇಳದೇ ಇರೋಕೂ ಆಗ್ಲಿಲ್ಲ. ಅದಕ್ಕೇ ನಿನ್ನೆದುರಿಗೇ ಬೈದೆ."

ತಂಗಿಗೆ ಕಣ್ಣು ತುಂಬಿ ಬಂತು. ನಗುವೂ ಬಂತು.

"ಕೈ ಬಿದ್ದೋಗ್ಲಿ ಅಂದಿದ್ದೆಯಲ್ಲೇ ನೀನು!"

"ಅಂದಿದ್ದೆ. ಎಲ್ಲಿ, ತೋರಿಸು ನೋಡೋಣ." ಅಕ್ಕ ಹುಟ್ಟು ಒಳಗಿಟ್ಟು ತಂಗಿಯ ಬಲಗೈ ಹಿಡಿದುಕೊಂಡಳು. ತಿರುಗಿಸಿ, ಮಗುಚಿ, ಒಂದೊಂದು ಬೆರಳನ್ನೂ ಮುಟ್ಟಿ ನೋಡಿದಳು. ಆಮೇಲೆ ತೆಪ್ಪಕ್ಕೆ ಕಟ್ಟಿದ್ದ ಒದ್ದೆ ಹಗ್ಗದ ತುದಿಯನ್ನು ಅದೇ ಕೈಗೆ ಕೊಟ್ಟಳು.

"ಗಟ್ಟಿಯಾಗೇ ಇದೆ. ಎಳಿ."

ನೋಟೀಸಕ್ಕ ಎಳೆದಳು. ಭಾರವಿತ್ತು. ಇನ್ನೊಂದು ಕೈಯನ್ನೂ ಹಾಕಿ ಎಳೆದಳು. ನೀರು ಸುರಿಸುತ್ತಾ ಹಗ್ಗ ಮೇಲೆ ಬಂತು. ಅದರ ಉದ್ದಕ್ಕೂ ಕಪ್ಪಗೆ ಮಿರುಗುವ ಚಿಪ್ಪುಗಳು, ಎಲ್ಲವೂ ಬಿಗಿಯಾಗಿ ಬಾಯಿ ಮುಚ್ಚಿಕೊಂಡು ಜೀವಂತವಾಗಿದ್ದವು.